ಪೆಟ್ ಶೋದಲ್ಲಿ ಕೊಂಡ, ಆಫ್ರಿಕಾದ ಸಣ್ಣ ಹೆಬ್ಬಾವಾದ ಬಾಲ್ ಪೈಥಾನ್‌ಗೆ ಅಂಟುರೋಗದ ಅನುಮಾನ. ಮಾರಿದವರಿಗೆ ವಾಪಸ್ ಕೊಡಲಾ, ಆ್ಯಂಟಿಬಯೋಟಿಕ್ ಹಾಕಿ ನೋಡಲಾ?

ಎರಡೂ ಬೇಡ. ಶೋದಿಂದ ತಂದ ಹಾವಿನ ಮೂಗಲ್ಲಿ ಲೋಳೆಯ ಗುಳ್ಳೆ ಬರುತ್ತಿದೆ, ಅದೇ ರೂಮಿನಲ್ಲಿ ಇನ್ನೊಂದು ಬಾಲ್ ಪೈಥಾನ್ ಮತ್ತು ಒಂದು ಬೋವಾ (ಅಮೆರಿಕ ಖಂಡದ, ಹೆಬ್ಬಾವಿನಂಥದ್ದೇ ದೊಡ್ಡ ಹಾವು) ಇದೆ ಅಂತ ಬರೆದಿದ್ದೀರಿ. ಓದುತ್ತಾ ನನ್ನ ಮನೆಯ ರೂಮೇ ಕಣ್ಣ ಮುಂದೆ ಬಂತು. ನೀವು ಕೇಳಿರುವುದೆಲ್ಲ ಕಾಯಿಲೆ ಬಿದ್ದ ಹಾವಿನ ಬಗ್ಗೆ. ಮೊದಲು ಯೋಚಿಸಬೇಕಾದದ್ದು ಚೆನ್ನಾಗಿರುವ ಆ ಎರಡರ ಬಗ್ಗೆ.

ನಾನು ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಬೆಂಗಳೂರಿನ ಒಂದು ಶೋದಿಂದ ಹೆಣ್ಣು ಬಾಲ್ ಪೈಥಾನ್ ತಂದಿದ್ದೆ. ಮನೆಯಲ್ಲಿ ಆಗಲೇ ಒಂದು ಗಂಡಿತ್ತು, ಬೆರಳು ದಪ್ಪದ ಮರಿಯಿಂದ ಸಾಕಿದ್ದು. ತಮ್ಮ ಅದಕ್ಕೆ ಕರಿಯ ಅಂತ ಹೆಸರಿಟ್ಟಿದ್ದ. ಮೊದಮೊದಲು ಹಾವು ಅಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದ ಅಮ್ಮ, ಬರ್ತಾ ಬರ್ತಾ ಅದರ ನೀರಿನ ಬಟ್ಟಲನ್ನೂ ತೊಳೆದಿಡುತ್ತಿದ್ದರು.

ಹೊಸದು ಬಂದಾಗ ನಾನೂ ಕ್ವಾರಂಟೈನ್ ಮಾಡಿದೆ. ಬೇರೆ ಟಬ್, ಬೇರೆ ಶೆಲ್ಫ್. ಆದರೆ ರೂಮು ಅದೇ. ಇಲಿ ಕೊಡುವ ಇಕ್ಕಳ ಒಂದೇ. ಈ ಇಕ್ಕಳದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಕರಿಯ ಹೋಗಿದ್ದು ಇದರಿಂದಲೇ ಅಂತ ನಾನು ನಂಬಿದ್ದೇನೆ.

ಹೊಸ ಜಾಗಕ್ಕೆ ಬಂದಿದೆ, ಊಟ ಬಿಟ್ಟರೆ ಕಷ್ಟ ಅಂತ ನಾನು ಯಾವಾಗಲೂ ಹೊಸದಕ್ಕೇ ಮೊದಲು ಇಲಿ ಕೊಡುತ್ತಿದ್ದೆ. ಅದು ಇಲಿಯನ್ನು ಕಚ್ಚಿ ಎಳೆಯುವಾಗ ಬಾಯಿ ಇಕ್ಕಳದ ತುದಿಗೆ ತಾಗುತ್ತಿತ್ತು. ತುದಿಯಲ್ಲಿ ಜೊಲ್ಲು ಇರುತ್ತಿತ್ತು. ಅದನ್ನು ಬಟ್ಟೆಯಲ್ಲಿ ಒರೆಸಿ, ಅದೇ ಇಕ್ಕಳದಲ್ಲಿ ಕರಿಯನಿಗೆ ಕೊಡುತ್ತಿದ್ದೆ. ಒಂದೊಂದು ಸಲ ಹೊಸದು ಇಲಿಯನ್ನು ಬಾಯಿಗೆ ತಗೊಂಡು ಬಿಟ್ಟುಬಿಡುತ್ತಿತ್ತು. ಸುಮ್ನೆ ಯಾಕೆ ಎಸೆಯಬೇಕು ಅಂತ ಅದೇ ಇಲಿಯನ್ನು ಕರಿಯನಿಗೆ ಕೊಟ್ಟಿದ್ದೇನೆ. ನೀರಿನ ಬಟ್ಟಲು ಎರಡೂ ಒಂದೇ ಬಕೆಟ್‌ನಲ್ಲಿ ಮುಳುಗಿ, ಒಂದೇ ನಾರಿನಲ್ಲಿ ಉಜ್ಜಿಸಿಕೊಂಡು ಬರುತ್ತಿದ್ದವು. ಬೇರೆ ಬೇರೆ ತೊಳೆಯಬೇಕು ಅಂತ ನಾನು ಅಮ್ಮನಿಗೆ ಹೇಳಿರಲೇ ಇಲ್ಲ. ರೂಮಿನಲ್ಲಿ ಟಬ್‌ಗಳು ಮಾತ್ರ ಬೇರೆ ಇದ್ದವು. ಮಿಕ್ಕಿದ್ದೆಲ್ಲ ಒಂದೇ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಹೆಬ್ಬಾವಿನ ಜಾತಿಯ ಹಾವುಗಳಿಗೆ ಸರ್ಪೆಂಟೋವೈರಸ್ ಅಂತ ಒಂದು ವೈರಸ್ ಬರುತ್ತದೆ. ನಿಡೋವೈರಸ್ ಅಂತಲೂ ಕರೆಯುತ್ತಾರೆ. ಬಾಲ್ ಪೈಥಾನ್‌ಗಳಲ್ಲಿ ಇದನ್ನು ಮೊದಲ ಸಲ ವಿವರಿಸಿದ್ದು 2014ರಲ್ಲಿ. ಇದು ಜೊಲ್ಲು, ಲೋಳೆ, ಮಲದಲ್ಲಿ ಹೊರಗೆ ಬರುತ್ತದೆ. ಹಾವು ನೋಡೋಕೆ ಗಟ್ಟಿಮುಟ್ಟಾಗಿದ್ದು, ಊಟ ಮಾಡಿ, ಪೊರೆ ಬಿಟ್ಟುಕೊಂಡು ಇದ್ದರೂ ತಿಂಗಳುಗಟ್ಟಲೆ ವೈರಸ್ ಹರಡುತ್ತಿರಬಹುದು. ಗುಳ್ಳೆ ಕಾಣಿಸುವ ಹೊತ್ತಿಗೆ ಅದು ಮನೆಯಲ್ಲಿ ಓಡಾಡಿ ಆಗಿರುತ್ತದೆ. ಹಾವಿಗೆ ನಮ್ಮ ಹಾಗೆ ಕೆಮ್ಮೋಕೆ ಆಗಲ್ಲ, ಎದೆ-ಹೊಟ್ಟೆ ನಡುವಿನ ಸ್ನಾಯು, ಅಂದರೆ ವಪೆಯೇ ಇಲ್ಲ. ಕಫ ಶ್ವಾಸಕೋಶದಲ್ಲೇ ತುಂಬಿಕೊಳ್ಳುತ್ತದೆ.

ಗುಳ್ಳೆ ನೋಡಿದಾಗ ನಾನು ಚಳಿ ಅಂದುಕೊಂಡೆ. ಮೈಸೂರಿನ ಡಿಸೆಂಬರ್ ರಾತ್ರಿ ನಿಮಗೂ ಗೊತ್ತಲ್ವಾ. ಬಿಸಿ ಜಾಸ್ತಿ ಮಾಡಿದೆ, ಹೊಸದು ಚೇತರಿಸಿಕೊಂಡ ಹಾಗೆ ಕಂಡಿತು. ಅಷ್ಟರಲ್ಲಿ ಕರಿಯ ತಲೆ ಮೇಲೆತ್ತಿ, ಬಾಯಿ ತೆರೆದು ಉಸಿರಾಡೋಕೆ ಶುರು ಮಾಡಿತು. ರಾತ್ರಿ ರೂಮಿಗೆ ಹೋದರೆ ಗೊರ ಗೊರ ಸದ್ದು ಕೇಳುತ್ತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ತಡವಾಗಿತ್ತು. ಸತ್ತ ಮೇಲೆ ಕೊಯ್ದು ನೋಡಿದರು. ಶ್ವಾಸಕೋಶದಲ್ಲಿ ಗಟ್ಟಿ ಲೋಳೆ, ಬಾಯಲ್ಲಿ ಗಿಣ್ಣಿನಂಥ ಕೀವು. ವೈರಸ್ ಮೊದಲು ಬಂದು, ಬ್ಯಾಕ್ಟೀರಿಯಾ ಹಿಂದಿನಿಂದ ಸೇರಿಕೊಂಡಿರಬೇಕು ಅಂದರು. ಪರೀಕ್ಷೆ ಮಾಡಿಸಿ ರೋಗದ ಹೆಸರು ಖಚಿತ ಮಾಡಿಕೊಳ್ಳೋಕೆ ಆಗಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಹೆಸರು ಗೊತ್ತಾಗಲಿ ಅಂತ ಕಾಯಬೇಡಿ. ಅನುಮಾನ ಬಂದಿದೆ, ಅಷ್ಟು ಸಾಕು.

ಇನ್ನೊಂದು ಸಂಗತಿ ಇದೆ, ಇದು ಈಗಲೂ ನನ್ನನ್ನು ಕಾಡುತ್ತದೆ. ಅದೇ ದಿನಗಳಲ್ಲಿ ಮಂಡ್ಯದ ಗೆಳೆಯ ನನ್ನ ಹಾವಿನ ಕೊಕ್ಕೆ ತಗೊಂಡು ಹೋಗಿದ್ದ. ವಿ.ಸಿ. ನಾಲೆ ಪಕ್ಕದ ಕಬ್ಬಿನ ಗದ್ದೆಯಲ್ಲಿ ಹೆಬ್ಬಾವು ಇದೆ ಅಂತ ಅರಣ್ಯ ಇಲಾಖೆಯವರ ಜೊತೆ ಹೋಗಿದ್ದ. ಆ ಹೆಬ್ಬಾವನ್ನು ಆಮೇಲೆ ಕಾಡಿಗೆ ಬಿಟ್ಟರು. ನಾನು ಕೊಕ್ಕೆ ತೊಳೆದು ಕೊಟ್ಟಿರಲಿಲ್ಲ. 2014ರಲ್ಲೇ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇಂಥದ್ದೇ ಒಂದು ನಿಡೋವೈರಸ್ ಅನ್ನು ನ್ಯುಮೋನಿಯಾ ಬಂದ ಹಾವಿನ ಶ್ವಾಸಕೋಶದಲ್ಲಿ ಕಂಡಿದ್ದರು. ಆ ಹಾವು ನಮ್ಮ ಗದ್ದೆ, ಕಾಡಿನಲ್ಲಿರುವ ಇದೇ ಜಾತಿಯ ಹೆಬ್ಬಾವು. ಇದನ್ನು ಓದಿದ ಮೇಲೆ, ಸಾಕಿದ ಹಾವು ಮತ್ತು ಕಾಡಿನ ಹಾವು ಎರಡನ್ನೂ ಮುಟ್ಟುವವರು ಒಂದೇ ಸಲಕರಣೆ ಬಳಸಲೇಬಾರದು ಅನ್ನೋದು ನನ್ನ ಖಡಾಖಂಡಿತ ಮಾತು. ಇನ್ನು ಸಾಕೋಕೆ ಆಗಲ್ಲ ಅಂತ ಹಾವನ್ನು ಚಾಮುಂಡಿ ಬೆಟ್ಟದ ಕಡೆ ಬಿಟ್ಟು ಬರುವ ಯೋಚನೆ ಯಾರಿಗೂ ಬರಬಾರದು.

ಈಗ ನಿಮ್ಮ ಮನೆಗೆ ಬರೋಣ. ಕಾಯಿಲೆ ಹಾವನ್ನು ಇವತ್ತೇ ಬೇರೆ ರೂಮಿಗೆ ಹಾಕಿ. ಇಕ್ಕಳ, ಬಟ್ಟಲು, ಕೊಕ್ಕೆ, ಒರೆಸುವ ಬಟ್ಟೆ ಎಲ್ಲ ಅದಕ್ಕೇ ಅಂತ ಬೇರೆ ಇಡಿ. ಕೆಲಸವೆಲ್ಲ ಚೆನ್ನಾಗಿರುವ ಹಾವುಗಳಿಂದ ಶುರುವಾಗಿ ಕಾಯಿಲೆ ಹಾವಿನಲ್ಲಿ ಮುಗಿಯಬೇಕು. ಆಮೇಲೆ ಕೈ ತೊಳೆದು ಬಟ್ಟೆ ಬದಲಾಯಿಸಿ, ಅವತ್ತು ಮತ್ತೆ ಮಿಕ್ಕವನ್ನು ಮುಟ್ಟಬೇಡಿ. ಸಾಧ್ಯವಾದರೆ ಮನೆಯಲ್ಲಿ ಇನ್ನೊಬ್ಬರು ಅವನ್ನು ನೋಡಿಕೊಳ್ಳಲಿ. ಪಾತ್ರೆಗಳನ್ನು ಮೊದಲು ಸೋಪಿನಲ್ಲಿ ತೊಳೆದು ಕೊಳೆ ತೆಗೆಯಿರಿ. ಆಮೇಲೆ 1 ಪಾಲು ಮನೆಬಳಕೆಯ ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ 10 ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಬ್ಲೀಚ್ ವಾಸನೆ ಇರುವ ಟಬ್‌ಗೆ ಹಾವು ಬಿಡಬೇಡಿ. ಕಣ್ಣಿನ ಸುತ್ತ, ಗಂಟಲ ಕೆಳಗೆ ಮೈಟ್ ಅನ್ನುವ ಹುಳ ಇದೆಯಾ ನೋಡಿ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಹಾಗೆ ಓಡಾಡುತ್ತವೆ. ಒಂದು ಟಬ್‌ನಿಂದ ಇನ್ನೊಂದಕ್ಕೆ ಅವೇ ನಡೆದು ಹೋಗುತ್ತವೆ.

ಬಿಸಿ ಜಾಗ 31-33 ಡಿಗ್ರಿ ಇದೆಯಾ ಅಂತ ಥರ್ಮಾಮೀಟರ್ ಇಟ್ಟು ನೋಡಿ, ಕೈಯಲ್ಲಿ ಮುಟ್ಟಿ ಹೇಳಬೇಡಿ. ಬರೀ ಚಳಿಯಿಂದಲೂ ಉಸಿರಿನ ಸೋಂಕು ಬರುತ್ತದೆ, ನಿಜ. ಆದರೆ ಚಳಿ ಅಂತ ತೀರ್ಮಾನ ಮಾಡಿ ಎಚ್ಚರ ಸಡಿಲ ಬಿಡಬೇಡಿ.

ಹಾವು, ಆಮೆ ನೋಡಿ ಅಭ್ಯಾಸ ಇರುವ ಪಶುವೈದ್ಯರನ್ನೇ ಹುಡುಕಿ. ಹತ್ತಿಕಡ್ಡಿಯಲ್ಲಿ ಬಾಯೊಳಗಿನ ಲೋಳೆ ತೆಗೆದು ಪಿಸಿಆರ್ ಮಾಡಿಸೋಕೆ ಸಾಧ್ಯವಾ ಕೇಳಿ. ಒಂದು ಸಲ ನೆಗೆಟಿವ್ ಬಂದರೆ ಮುಗೀತು ಅಂತ ಅಲ್ಲ, ಸ್ವಲ್ಪ ಸಮಯ ಬಿಟ್ಟು ಮತ್ತೆ ಮಾಡಿಸಬೇಕು. ಆ್ಯಂಟಿಬಯೋಟಿಕ್ ಬೇಕಾ ಅಂತ ಹೇಳಬೇಕಾದದ್ದು ಅವರು. ಎನ್ರೋಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಮಾಂಸ ಕೊಳೆಯುವಂತೆ ಮಾಡಬಹುದು, ಅಂದಾಜಿನ ಮೇಲೆ ಹಾಕುವ ಔಷಧಿ ಅಲ್ಲ. ಮೇಲಾಗಿ ಅದು ಬ್ಯಾಕ್ಟೀರಿಯಾಕ್ಕೆ. ಗುಳ್ಳೆ ನಿಂತರೂ ವೈರಸ್ ಹರಡುವುದು ನಿಲ್ಲುವುದಿಲ್ಲ.

ನಿಮ್ಮ ಬೋವಾ ವಿಷಯ ಡಾಕ್ಟರಿಗೆ ಮರೆಯದೆ ಹೇಳಿ. ಬೋವಾಗಳಲ್ಲಿ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಅನ್ನುವ ರೋಗ ಇದೆ. ಅದರ ಹಿಂದೆ ಇರುವುದು ಅರೀನಾವೈರಸ್ ಅಂತ 2012ರಲ್ಲಿ ಗೊತ್ತಾಯಿತು. ಬೋವಾ ಅದನ್ನು ವರ್ಷಗಟ್ಟಲೆ ಸುಮ್ಮನೆ ಹೊತ್ತುಕೊಂಡಿರಬಹುದು. ಪೈಥಾನ್‌ಗೆ ಬಂದರೆ ಬೇಗ ತಲೆ ತಿರುಚಿ, ಆಕಾಶ ನೋಡಿದ ಹಾಗೆ ಆಗಿ ಸಾಯುತ್ತದೆ. ಅಂದರೆ ನಿಮ್ಮ ಮನೆಯಲ್ಲಿ ಎರಡೂ ಕಡೆಯಿಂದ ಅಪಾಯ ಇದೆ. ಬೋವಾ ಮತ್ತು ಪೈಥಾನ್ ಒಂದೇ ರೂಮಿನಲ್ಲಿ ಇಡುವುದು ನನಗಂತೂ ಒಪ್ಪಿಗೆಯಿಲ್ಲ.

ವಾಪಸ್ ಕೊಡಬೇಡಿ ಅಂದದ್ದು ಯಾಕೆ ಅಂದರೆ, ಅದು ಮುಂದಿನ ಶೋದ ಟೇಬಲ್ ಮೇಲೆ ಬರುತ್ತದೆ. ಅಲ್ಲಿ ಡಬ್ಬಿಗಳು ಒಂದರ ಮೇಲೊಂದು ಇರುತ್ತವೆ. ಒಂದೇ ಹಾವನ್ನು ಎಷ್ಟೋ ಜನರ ಕೊರಳಿಗೆ ಹಾಕಿ ಸೆಲ್ಫಿ ತೆಗೆಸುತ್ತಾರೆ, ಅದೇ ಕೈ ಪಕ್ಕದ ಡಬ್ಬಿಗೂ ಹೋಗುತ್ತದೆ. ಮೈಕ್ ಸದ್ದಿನಲ್ಲಿ ಹಾವಿನ ಉಸಿರು ಯಾರಿಗೂ ಕೇಳಿಸಲ್ಲ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ರಾಜ್ಯದ ಹಲವು ಕಡೆ ಜಾನುವಾರು ಜಾತ್ರೆ, ಸಂತೆ ನಿಲ್ಲಿಸಿದ್ದರು. ಹಾವಿಗೂ ಅದೇ ನಿಯಮ ಬೇಕು. ಶೋಗೆ ಹೋಗಿ, ನೋಡಿ, ಮಾತಾಡಿ. ಕೊಳ್ಳುವುದಾದರೆ ಮರಿ ಮಾಡಿಸಿದವರ ಮನೆಗೇ ಹೋಗಿ ಕೊಳ್ಳಿ, ತಂದ ಮೇಲೆ ಕಡಿಮೆ ಅಂದರೆ 90 ದಿನ, ಪೈಥಾನ್ ಆದರೆ 6 ತಿಂಗಳು ಬೇರೆ ರೂಮಿನಲ್ಲಿಡಿ.

ಮಾರಿದವರಿಗೆ, ಶೋ ನಡೆಸಿದವರಿಗೆ, ಅಲ್ಲಿ ಕೊಂಡ ನಿಮ್ಮ ಪರಿಚಯದವರಿಗೆ ತಿಳಿಸಿ. ಜಗಳ ಆಗುತ್ತೆ ಅನ್ನೋ ಹೆದರಿಕೆ ಬೇಡ. ಯಾರ ಮೇಲೂ ಆರೋಪ ಬೇಕಿಲ್ಲ. "ಅನುಮಾನ ಇದೆ, ಈ ಲಕ್ಷಣ ಕಂಡಿದೆ, ಈ ದಿನ ತಂದದ್ದು" ಅಂತ ಫೋಟೋ ಜೊತೆ ಬರೆದರೆ ಸಾಕು. ನನ್ನ ಹಾವಿನ ಜೊತೆ ಅದೇ ಟೇಬಲ್‌ನಿಂದ ಹೋದ ಹಾವುಗಳ ಒಡೆಯರಿಗೆ ಯಾರೂ ಹೇಳಲಿಲ್ಲ, ನಾನೂ ಸೇರಿ.

ಕಾಗದಪತ್ರ ಸರಿ ಇದೆಯಾ ನೋಡಿಕೊಳ್ಳಿ. ಬಾಲ್ ಪೈಥಾನ್, ಬೋವಾ ಎರಡೂ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ನೋಂದಣಿ ನಿಯಮಗಳು 2024ರಲ್ಲಿ ಬಂದವು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು, ಕೈ ಬದಲಾದರೂ ಸತ್ತರೂ ಅಲ್ಲೇ ವರದಿ ಮಾಡಬೇಕು. ಹಾಗೇನಾದರೂ ಆಗಿ ಹಾವು ಸತ್ತರೆ ಫ್ರೀಜರ್‌ಗೆ ಹಾಕಬೇಡಿ, ಮಂಜುಗಡ್ಡೆ ಕಟ್ಟಿದರೆ ಅಂಗಾಂಶ ಹಾಳಾಗುತ್ತದೆ. ಎರಡು ಕವರ್‌ನಲ್ಲಿ ಕಟ್ಟಿ ಫ್ರಿಜ್‌ನ ಕೆಳಭಾಗದಲ್ಲಿ, ಊಟದ ಸಾಮಾನು ಇಲ್ಲದ ಕಡೆ ಇಟ್ಟು, ಮಾರನೆ ದಿನವೇ ಡಾಕ್ಟರಿಗೆ ತಲುಪಿಸಿ.