ಇಂಗ್ಲಿಷ್ ಸಾಲದೆಂದು ತೌಲನಿಕ ಸಾಹಿತ್ಯದ ಎಂ.ಎ. ಬಿಡಬೇಕೆ?

ಇಂಗ್ಲಿಷ್ ಸುಧಾರಿಸಿಕೊಳ್ಳಲು ಒಂದು ವರ್ಷ ಕಳೆದು, ಬೇರೆ ಬೇರೆ ಭಾಷೆಗಳ ಸಾಹಿತ್ಯವನ್ನು ಹೋಲಿಸಿ ಓದುವ ತೌಲನಿಕ ಸಾಹಿತ್ಯಕ್ಕೆ ಸೇರಬೇಕೋ, ಈಗಲೇ ಕನ್ನಡ ಎಂ.ಎ.ಗೆ ಸೇರಿಬಿಡಬೇಕೋ ಎಂದು ಕೇಳಿದ್ದೀರಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ ನಾನೂ ಹದಿನೈದು ವರ್ಷಗಳ ಹಿಂದೆ ಇದೇ ಭಯದಲ್ಲಿದ್ದೆ. ಆ ಭಯದಿಂದಲೇ ಕೆಟ್ಟೆ.

ತೆಲುಗು ನಾಡಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಎಂ.ಎ.ಯ ಎರಡೂ ವರ್ಷ ಗ್ರಂಥಾಲಯದಲ್ಲಿ ಕುಳಿತು ಇಂಗ್ಲಿಷಿನ ಸಿದ್ಧಾಂತ ಗ್ರಂಥಗಳನ್ನು ನಿಘಂಟು ಹಿಡಿದು ಓದಿದೆ. ಸುತ್ತಲೂ ತೆಲುಗು ಮಾತನಾಡುತ್ತಿದ್ದರೂ ಅದನ್ನು ಕಲಿಯುವ ಗೋಜಿಗೆ ಹೋಗಲಿಲ್ಲ. ಲಿಪಿ ನಮ್ಮದರ ಹಾಗೆಯೇ ಇದೆ, ತಲೆಕಟ್ಟು ಒಂದಿಷ್ಟು ಬೇರೆ, ಬೇಕಾದಾಗ ಓದಿಕೊಂಡರಾಯಿತು ಎಂಬ ಧೈರ್ಯ ನನ್ನದು.

ಮುಂದೆ ಎಂ.ಎ. ನಂತರದ ಸಂಶೋಧನಾ ಪದವಿಯಾದ ಎಂ.ಫಿಲ್.ಗೆ (2022ರ ಯುಜಿಸಿ ನಿಯಮಾವಳಿ ಅದನ್ನು ನಿಲ್ಲಿಸಿತು, ನಿಮಗೆ ಆ ಕಾಟವಿಲ್ಲ) ಬಸವಣ್ಣನ ಕಥೆ ಹೇಳುವ ಎರಡು ಬಸವಪುರಾಣಗಳನ್ನು ಆರಿಸಿಕೊಂಡೆ: 13ನೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದದ್ದು ಮತ್ತು ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದದ್ದು. ಕನ್ನಡವನ್ನು ಮೂಲದಲ್ಲಿ ಓದಿದೆ, ತೆಲುಗನ್ನು ಇಂಗ್ಲಿಷ್ ಅನುವಾದದಲ್ಲಿ. ಸೋಮನಾಥನ ಭಕ್ತಿ ಉಗ್ರವಾಗಿ ಮುನ್ನುಗ್ಗುತ್ತದೆ, ಭೀಮಕವಿಯದು ಸೌಮ್ಯ, ನಿಂತು ನಿಂತು ಸಾಗುತ್ತದೆ ಎಂದು ಒಂದು ಇಡೀ ಅಧ್ಯಾಯ ಬರೆದು, ಅದಕ್ಕೆ ಇಬ್ಬರು ಕವಿಗಳ ಮನೋಧರ್ಮವೇ ಕಾರಣವೆಂದು ತೀರ್ಮಾನವನ್ನೂ ಕೊಟ್ಟೆ.

ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ತೆಲುಗು ಪುಸ್ತಕವನ್ನು ನನ್ನತ್ತ ತಿರುಗಿಸಿ, ಒಂದು ದ್ವಿಪದದ (ಸೋಮನಾಥ ಬಳಸಿದ ಎರಡು ಸಾಲಿನ ಛಂದಸ್ಸು) ಮೇಲೆ ಬೆರಳಿಟ್ಟು ಓದಲು ಹೇಳಿದರು. ಅಕ್ಷರ ತಪ್ಪದೆ ಓದಿದೆ. ಯತಿ, ಅಂದರೆ ಸಾಲಿನ ಮೊದಲಕ್ಷರಕ್ಕೆ ಹೊಂದುವ ಅಕ್ಷರ, ಸಾಲಿನ ನಡುವೆ ಎಲ್ಲಿ ಬಂತೆಂದು ಕೇಳಿದರು, ತೋರಿಸಲಾಗಲಿಲ್ಲ. ಆಮೇಲೆ ಭೀಮಕವಿಯ ಒಂದು ಪದ್ಯ ಓದಿಸಿದರು. ಆರು ಸಾಲಿನ ಭಾಮಿನಿ ಷಟ್ಪದಿ, ಮಾತ್ರೆಗಳು ಮೂರು-ನಾಲ್ಕು, ಮೂರು-ನಾಲ್ಕು ಎಂದು ನನಗೆ ಅರಿವಿಲ್ಲದೆಯೇ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. "ಇಲ್ಲಿ ತಾಳ ಹಾಕುತ್ತೀರಿ, ಅಲ್ಲಿ ಯಾಕೆ ಕೈ ಏಳಲಿಲ್ಲ?" ಎಂದರು.

ತಪ್ಪು ಅಲ್ಲೇ ಇತ್ತು. ದ್ವಿಪದದ ಪ್ರತಿ ಸಾಲಿನಲ್ಲಿ ಮೂರು ಇಂದ್ರಗಣ, ಒಂದು ಸೂರ್ಯಗಣ (ಗಣವೆಂದರೆ ಸಾಲನ್ನು ಅಳೆಯುವ ಅಕ್ಷರಗಳ ಗುಂಪು). ನಮ್ಮ ಅಂಶಗಣಗಳಾದ ವಿಷ್ಣು, ಬ್ರಹ್ಮರಿಗೆ ಅವು ದಾಯಾದಿಗಳು. ಎರಡೆರಡೇ ಸಾಲಿನ ಘಟಕವಾದ್ದರಿಂದ ಕಥೆ ಒಂದರ ಬೆನ್ನಿಗೆ ಒಂದಾಗಿ ಓಡುತ್ತಲೇ ಇರುತ್ತದೆ. ಷಟ್ಪದಿಯಲ್ಲಾದರೋ ಮೂರನೆಯ ಮತ್ತು ಆರನೆಯ ಸಾಲು ಉದ್ದವಾಗಿ ಗುರುವಿನಲ್ಲಿ ನಿಲ್ಲುತ್ತವೆ, ಕಥೆಯೂ ಅಲ್ಲಿ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ನಾನು ಕವಿಯ ಸ್ವಭಾವವೆಂದು ಬರೆದದ್ದರಲ್ಲಿ ಬಹುಪಾಲು ಛಂದಸ್ಸಿನ ನಡಿಗೆ. ಇಂಗ್ಲಿಷ್ ಅನುವಾದ ಎಷ್ಟೇ ಒಳ್ಳೆಯದಿದ್ದರೂ ಆ ನಡಿಗೆಯನ್ನು ನನಗೆ ಕೇಳಿಸುವಂತಿರಲಿಲ್ಲ. ಅಧ್ಯಾಯವನ್ನು ಪೂರ್ತಿ ಬದಲಿಸಲು ಒಂದು ವರ್ಷ ಹಿಡಿಯಿತು; ತಿಂಗಳಿಗೆ 5,000 ರೂಪಾಯಿಯ ಫೆಲೋಶಿಪ್ ಅಷ್ಟರಲ್ಲಿ ನಿಂತಿದ್ದರಿಂದ ಮನೆಪಾಠ ಹೇಳಿ ಮೆಸ್ ಬಿಲ್ ಕಟ್ಟಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆಂದು ಹೇಳಲು ಸಂಕೋಚವಿಲ್ಲ. ತರಗತಿಯಲ್ಲಿ ಕುಳಿತು ಪ್ರಬಂಧ ಬರೆಯುತ್ತಾ ಹೋದರೆ ಇಂಗ್ಲಿಷ್ ತಾನಾಗಿ ಬರುತ್ತದೆ. ಅದಕ್ಕಾಗಿ ವರ್ಷ ಹಾಳುಮಾಡಬೇಡಿ. ಇನ್ನೊಂದು ಭಾರತೀಯ ಭಾಷೆ ಹಾಗೆ ಬರುವುದಿಲ್ಲ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ತೌಲನಿಕ ಸಾಹಿತ್ಯದ ವಿಭಾಗವನ್ನು ಕಟ್ಟಿದ ಬುದ್ಧದೇವ ಬಸು ಸ್ವತಃ ಕವಿ. ಕಾಳಿದಾಸನ ಮೇಘದೂತವನ್ನೂ ಫ್ರೆಂಚ್ ಕವಿ ಬೋದಿಲೇರನ ಕವಿತೆಗಳನ್ನೂ ಬಂಗಾಳಿಗೆ ತಂದವರು. ಮೂಲಭಾಷೆಯ ಒಳಗಿಳಿದು ಮಾಡುವ ಕೆಲಸವಿದು.

ಕೆಲಸದ ಮಾತು ಚುಟುಕಾಗಿ ಹೇಳುತ್ತೇನೆ: ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯಲ್ಲಿ ತೌಲನಿಕ ಸಾಹಿತ್ಯ ಪ್ರತ್ಯೇಕ ವಿಷಯವಾಗಿದೆ, ಆದರೆ ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಆ ಹೆಸರಿನ ವಿಭಾಗವನ್ನು ನಾನು ಕಂಡಿಲ್ಲ. ನಾನು ಆಮೇಲೆ ಕನ್ನಡ ಎಂ.ಎ.ಯನ್ನೂ ಖಾಸಗಿಯಾಗಿ ಮುಗಿಸಿಕೊಂಡೇ ಪಾಠದ ಕೆಲಸ ಹಿಡಿದೆ. ನೀವೂ ಅದಕ್ಕೆ ಸಿದ್ಧರಿರಿ.

ಬಳ್ಳಾರಿಯವರಾದ್ದರಿಂದ ಅಕ್ಕಪಕ್ಕದವರೊಡನೆ ಆಡುವ ತೆಲುಗು ಬರುತ್ತದೆ, "ಅದು ಲೆಕ್ಕಕ್ಕಿಲ್ಲ ಬಿಡಿ" ಎಂದು ಕೊನೆಯಲ್ಲಿ ಬರೆದಿದ್ದೀರಿ. ನಾನು ಮೊದಲು ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ಈ ತಿಂಗಳೇ ಒಂದು ದ್ವಿಪದ ಕಾವ್ಯ ತಂದುಕೊಂಡು, ಅಕ್ಕಪಕ್ಕದಲ್ಲಿ ಓದಬಲ್ಲ ಹಿರಿಯರಿದ್ದರೆ ಅವರಿಂದ ಗಟ್ಟಿಯಾಗಿ ಓದಿಸಿ ಕೇಳಿ.