ಕಾಂಗ್ರೆಸ್ ಗಿಡದ ತುರಿಕೆ, ವಿಟಮಿನ್ ಡಿ 11: ಕಡೂರಿನವರ ಪ್ರಶ್ನೆಗೆ

ಮೆಕ್ಕೆಜೋಳದ ಹೊಲದಲ್ಲಿ ಕಾಂಗ್ರೆಸ್ ಗಿಡ ಕಿತ್ತ ಮೇಲೆ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಉರಿ, ತುರಿಕೆ. ವಿಟಮಿನ್ ಡಿ 11 ಬಂದಿದೆ. ಡಿ ಇಂಜೆಕ್ಷನ್ ಹಾಕಿಸಿದರೆ ಚರ್ಮ ವಾಸಿಯಾಗುತ್ತಾ, ಐಎಲ್-17 (ಉರಿಯೂತ ಹೆಚ್ಚಿಸೋ ಒಂದು ಪ್ರೋಟೀನ್) ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ.

11 ಕಡಿಮೆಯೇ; ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ. ಸರಿಪಡಿಸಿಕೊಳ್ಳಿ, ಆದರೆ ತುರಿಕೆಗೆ ಅದೇ ಮದ್ದು ಅಂದುಕೊಳ್ಳಬೇಡಿ. ಗಿಡದ ರೋಮದಲ್ಲಿರೋ ಪಾರ್ಥೆನಿನ್ ಅನ್ನೋ ರಾಸಾಯನಿಕ ಚರ್ಮಕ್ಕೆ ತಗುಲಿ ಟಿ ಕಣಗಳು (ರೋಗನಿರೋಧಕ ಬಿಳಿ ರಕ್ತಕಣಗಳು) ಅದನ್ನ ನೆನಪಿಟ್ಟುಕೊಳ್ಳುತ್ತವೆ. ಮತ್ತೆ ತಗುಲಿದಾಗ ಒಂದೆರಡು ದಿನ ಬಿಟ್ಟು ಕೆರಳುತ್ತವೆ. ಡಿ ವಿಟಮಿನ್ ಈ ಕಣಗಳಿಗೆ ಕಡಿವಾಣ ಹಾಕುತ್ತೆ, ಐಎಲ್-17 ಹುಟ್ಟೋದನ್ನ ತಗ್ಗಿಸುತ್ತೆ, ಅದು ನಿಜ. ಆದರೆ ಬಿಸಿಲಿಗೆ ಉರಿ ಹೆಚ್ಚಾಗುತ್ತೆ ಅಂತ ಮೈತುಂಬ ಬಟ್ಟೆ ಹೊದ್ದು ಓಡಾಡುವವರಿಗೂ ಡಿ ಇಳಿಯುತ್ತೆ. ಕಾಯಿಲೆಯಿಂದ ಡಿ ಇಳಿಯಿತೋ, ಡಿ ಇಳಿದು ಕಾಯಿಲೆ ಜಾಸ್ತಿಯಾಯಿತೋ, ಒಂದು ರಿಪೋರ್ಟ್ ನೋಡಿ ಹೇಳೋಕಾಗಲ್ಲ. ಐಎಲ್-17 ಅಳತೆ ಸಂಶೋಧನೆಗೆ ಸರಿ, ನಿಮ್ಮ ಚಿಕಿತ್ಸೆ ಬದಲಾಗಲ್ಲ. ಅಲರ್ಜಿಗೆ ಅಂತ ಮಾಡೋ ಐಜಿಇ ರಕ್ತಪರೀಕ್ಷೆಯಿಂದಲೂ ಗೊತ್ತಾಗಲ್ಲ, ಅದು ಜಂತುಹುಳು, ಆಸ್ತಮಾ ಇದ್ದರೂ ಏರುತ್ತೆ.

ಆ ದುಡ್ಡಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಅಲರ್ಜಿ ತರಬಹುದಾದ ವಸ್ತುಗಳ ಪಟ್ಟಿಯನ್ನ ಬೆನ್ನಿಗೆ ಅಂಟಿಸುತ್ತಾರೆ; 48 ಗಂಟೆ ನೀರು, ಬೆವರು ಸೋಕಿಸಬಾರದು. 48ಕ್ಕೆ ಒಮ್ಮೆ, 96ಕ್ಕೆ ಇನ್ನೊಮ್ಮೆ ನೋಡುತ್ತಾರೆ. ಎರಡನೇ ಸಲ ಹೋಗದೆ ಬಿಟ್ಟರೆ ತಡವಾಗಿ ಏಳುವ ಕೆಂಪು ತಪ್ಪಿಹೋಗುತ್ತೆ. ಒಂದು ವಾರ ಮುಂಚಿನಿಂದ ಬೆನ್ನಿಗೆ ಸ್ಟೆರಾಯ್ಡ್ ಮುಲಾಮು ಬೇಡ. ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರೆ ನೀವೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ಸೇವಂತಿಗೆ, ಚೆಂಡುಹೂ ಬೆಳೆಯುವವರಾದರೆ ಅದನ್ನೂ ಹೇಳಿ, ಒಂದೇ ಕುಟುಂಬದ ಗಿಡಗಳು. ಮೂಡಿಗೆರೆ ಕಡೆ ತೋಟದಲ್ಲಿ ಗೇರಿನ ಜಾತಿಯ ಮರದ ಸೊನೆಯಿಂದ ಏಳೋ ಗುಳ್ಳೆ ಬೇರೆಯದು.

ಡಿ ವಿಷಯಕ್ಕೆ: ಸಾಮಾನ್ಯವಾಗಿ ಬರೆದುಕೊಡೋದು 60,000 ಯೂನಿಟ್‌ನ ಡೋಸ್, ವಾರಕ್ಕೆ ಒಂದು, 8 ವಾರ, ಎಣ್ಣೆ-ತುಪ್ಪ ಇರೋ ಊಟದ ಜೊತೆ. ದಿನಾ ಒಂದು ಅಂತ ತಿಳಿದು ನುಂಗುವವರಿದ್ದಾರೆ! ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಬರುತ್ತೆ. ಕಿಡ್ನಿ ಕಲ್ಲು ಆಗಿದ್ದರೆ ಮೊದಲು ಕ್ಯಾಲ್ಸಿಯಂ ನೋಡಿಸಿ. 6 ಲಕ್ಷ ಯೂನಿಟ್‌ನ ಇಂಜೆಕ್ಷನ್ ಹೆಚ್ಚಾದರೆ ವಾಪಸ್ ತೆಗೆಯೋಕಾಗಲ್ಲ, ಹಾಗಾಗಿ ಬಾಯಿಮೂಲಕ ತಗೊಳ್ಳೋದೇ ಮೇಲು. ಮೂರು ತಿಂಗಳಿಗೆ ಮತ್ತೆ ಟೆಸ್ಟ್.

ರೆಪ್ಪೆಗೆ ಮೆಡಿಕಲ್ ಶಾಪಿನ ಕ್ಲೊಬೆಟಸಾಲ್ (ತುಂಬಾ ಪ್ರಬಲ ಸ್ಟೆರಾಯ್ಡ್ ಮುಲಾಮು) ಹಚ್ಚಲೇಬೇಡಿ, ಚರ್ಮ ತೆಳುವಾಗಿ ಕಣ್ಣಿನ ಒತ್ತಡ ಏರಬಹುದು.

ಹೊಲದಲ್ಲಿ ಹೂ ಬಿಡೋ ಮುಂಚೆ, ಮಳೆ ಬಿದ್ದ ಮಾರನೇ ದಿನ ಬೇರುಸಹಿತ ಕೀಳಿಸಿ. ತುರಿಕೆ ಇರುವವರು ಮಾತ್ರ ಕೀಳೋಕೆ ಇಳಿಯಬಾರದು. ಬಟ್ಟೆ ಕೈಗವಸು ರಸ ಹೀರುತ್ತೆ, ರಬ್ಬರಿನದೇ ಬೇಕು. ಒಣಗಿಸಿ ಸುಡಬೇಡಿ, ಒಣಗಿದ ಪುಡಿಯೂ ಮೈಗೆ ಹತ್ತುತ್ತೆ. ಲೀಟರಿಗೆ 200 ಗ್ರಾಂ ಉಪ್ಪಿನ ನೀರನ್ನು ರಸ್ತೆ ಬದಿ, ಪಾಳುಜಾಗಕ್ಕೆ ಮಾತ್ರ ಸಿಂಪಡಿಸಿ, ಹೊಲಕ್ಕೆ ಹಾಕಿದರೆ ಮಣ್ಣು ಕೆಡುತ್ತೆ. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ತಿನ್ನೋ ಪಟ್ಟೆ ಜೀರುಂಡೆ ಕಂಡರೆ ಅಲ್ಲಿ ಕೀಟನಾಶಕ ಹೊಡೆಯಬೇಡಿ, ಈ ಕಳೆ ತಗ್ಗಿಸೋಕೆ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ಜೀರುಂಡೆ ಅದೇ.