ಬಿಸಿನೀರಿನ ನಲ್ಲಿ ತಿರುಗಿಸಿದರೂ ಹಳೆಯ ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲ. ನಾವೇ ಏನನ್ನು ಪರೀಕ್ಷಿಸಬಹುದು?

ಗ್ಯಾಸ್ ವಾಸನೆಯಿದ್ದರೆ ಪರೀಕ್ಷೆ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ತಂಗಿರುತ್ತದೆ, ಸ್ವಿಚ್ಚಿನ ಸಣ್ಣ ಕಿಡಿಗೂ ಹೊತ್ತಿಕೊಳ್ಳಬಹುದು, ಹಾಗಾಗಿ ಯಾವ ಸ್ವಿಚ್ಚನ್ನೂ ಮುಟ್ಟಬಾರದು.

ವಾಸನೆಯಿಲ್ಲದೆ, ಕಿಡಿ ಹಾರುವ ಟಿಕ್ ಟಿಕ್ ಸದ್ದೂ ಬಾರದಿದ್ದರೆ ಕೆಳಭಾಗದ 1.5 ವೋಲ್ಟ್‌ನ ದಪ್ಪ ಸೆಲ್‌ಗಳನ್ನು ಬದಲಿಸಿ. ಆಗಲೂ ಸದ್ದಿಲ್ಲವೆಂದರೆ ನೀರಿನ ಒತ್ತಡ ಸಾಲದೆ ಒಳಗಿನ ರಬ್ಬರ್ ಡಯಾಫ್ರಮ್ (ತೆಳು ಪೊರೆ) ಗ್ಯಾಸ್ ವಾಲ್ವನ್ನು ತೆರೆಯುತ್ತಿಲ್ಲವೆಂದು ಊಹಿಸಬಹುದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಹರಿವಿನ ಪುಟ್ಟ ಜಾಲರಿಗೆ ಬಿಳಿ ಸುಣ್ಣ ಕಟ್ಟಿಕೊಂಡಿರುತ್ತದೆ, ಅದನ್ನು ಬಿಚ್ಚಿ ತೊಳೆಯಲು ಅಡ್ಡಿಯಿಲ್ಲ.

ಬರ್ನರ್ ಮತ್ತು ಗ್ಯಾಸ್ ವಾಲ್ವ್ ಮಾತ್ರ ಮೆಕ್ಯಾನಿಕ್‌ನ ಕೆಲಸ. ಹೊತ್ತಿಕೊಂಡ ಮೇಲೆ ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ ಗೀಸರನ್ನು ನಿಲ್ಲಿಸಿಬಿಡಿ, ಏಕೆಂದರೆ ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಉರಿ ನೀಲಿಯಿದ್ದರೂ, ಮುಚ್ಚಿದ ಬಚ್ಚಲುಮನೆಯೊಳಗೆ ಇದನ್ನು ಅಳವಡಿಸುವುದನ್ನು ನಾನಂತೂ ಒಪ್ಪಲಾರೆ.